ಎರಡನೇ ತೊಲೆ

ಹೆಣ ನೀರಿನಲ್ಲಿ ಬೋರಲಾಗಿ ತೇಲುತ್ತಿತ್ತು. ಅದರ ತಲೆ ಮುಚ್ಚಿದ ಗೇಟಿನ ಹಲಗೆಗೆ ತಾಗುತ್ತಿತ್ತು, ಸರಿಯುತ್ತಿತ್ತು, ಮತ್ತೆ ತಾಗುತ್ತಿತ್ತು — ಬಾಗಿಲು ತಟ್ಟಿ ತಟ್ಟಿ ಬೇಸತ್ತವನ ಹಾಗೆ. ಹಿಂದಲೆ ಒಡೆದು ಮೂಳೆ ಕಾಣುತ್ತಿತ್ತು.

ಸತ್ತವನು ಗೇಟು ಕಾಯುವ ಮುದುಕ. ದ್ವೀಪದಲ್ಲಿ ಎಲ್ಲರಿಗೂ ಅವನು ದೊಡ್ಡಯ್ಯ. ಬೆಳಿಗ್ಗೆ ಚಹಾ ತಂದ ಮಗಳು ಮೊದಲು ನೋಡಿದಳು. ಅವಳ ಕೂಗಿಗೆ ಊರಿಗೆ ಊರೇ ಎದ್ದು ಬಂತು. ನಾವು ಪೊಲೀಸರು ಅಲ್ಲಿಗೆ ತಲುಪುವ ಹೊತ್ತಿಗೆ ಅವರು ಎರಡನೇ ಕೊಲೆಗೆ ಕೈ ಹಾಕಿಯಾಗಿತ್ತು.

ದೋಣಿ ಕಟ್ಟುವ ಕಲ್ಲುಗೂಟಕ್ಕೆ ಒಬ್ಬನನ್ನು ಹಗ್ಗದಿಂದ ಬಿಗಿದಿದ್ದರು. ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಬಾಯಿಯಿಂದ ರಕ್ತ ಸುರಿಯುತ್ತಿತ್ತು. ಸುತ್ತ ಹುಟ್ಟು, ಕೊಕ್ಕೆ, ಸಲಿಕೆ ಹಿಡಿದ ಜನ. ಎಲ್ಲರಿಗಿಂತ ಮುಂದೆ ದೊಡ್ಡಯ್ಯನ ಒಡಹುಟ್ಟಿದ ತಮ್ಮ — ದೋಣಿಯಪ್ಪ ಎಂದು ಕರೆಯುತ್ತಿದ್ದರು. ಕೈಯಲ್ಲಿ ಹುಟ್ಟು, ಕಣ್ಣಲ್ಲಿ ನೀರು.

"ಅಣ್ಣನ್ನ ತಿಂದ್ಬಿಟ್ಟ ಇವನು. ನೀವು ಹಿಂದಕ್ಕೆ ಹೋಗಿ. ಇದು ನಮ್ಮ ಮನೆ ವಿಷಯ" ಎಂದ.

ನಾನು ಹೆಡ್ ಕಾನ್‌ಸ್ಟೆಬಲ್. ಇಂಥ ಜಾಗದಲ್ಲಿ ಹಿಂದಕ್ಕೆ ಹೋಗಿ ಎಂದರೆ ನನ್ನ ಮಂಡಿಗಳು ತಕ್ಷಣ ಒಪ್ಪಿಬಿಡುತ್ತವೆ. ನಮ್ಮ ಇನ್‌ಸ್ಪೆಕ್ಟರ್ ಮೇಡಂ ಮಾತ್ರ ಒಪ್ಪುವ ಜಾತಿಯಲ್ಲ. ನೆಟ್ಟಗೆ ಹೋಗಿ ಕಟ್ಟಿಹಾಕಿದವನಿಗೂ ಹುಟ್ಟಿಗೂ ನಡುವೆ ನಿಂತರು. ಯಾರೋ ಕಲ್ಲು ಬೀಸಿದ. ಅದು ಅವರಿಗೆ ತಾಗಲಿಲ್ಲ, ನನ್ನ ಹಣೆಗೆ ಬಂತು. ರಕ್ತ ರೆಪ್ಪೆಗೆ ಇಳಿಯಿತು. ನಿಜ ಹೇಳಬೇಕೆಂದರೆ ನನಗೆ ಆ ಕ್ಷಣ ನೋವಿಗಿಂತ ಕೋಪವೇ ಹೆಚ್ಚು ಬಂತು.

"ಮಧ್ಯಾಹ್ನದವರೆಗೆ ಇವನು ನನ್ನ ವಶದಲ್ಲಿರ್ತಾನೆ" ಎಂದರು ಮೇಡಂ. ಧ್ವನಿ ಏರಿಸಲಿಲ್ಲ. "ಇವನೇ ಮಾಡಿದ್ದು ಅಂತಾದ್ರೆ ನಾನೇ ಬೇಡಿ ಹಾಕ್ತೀನಿ. ಅಷ್ಟರೊಳಗೆ ಯಾರಾದ್ರೂ ಮುಟ್ಟಿದ್ರೆ, ಮೊದಲ ಬೇಡಿ ಅವರಿಗೆ."

ಜನ ಗುರುಗುಟ್ಟಿದರು. ದೋಣಿಯಪ್ಪ ಹುಟ್ಟನ್ನು ಇಳಿಸಿದ, ಕೆಳಗೆ ಇಡಲಿಲ್ಲ. ನಾವು ಹಗ್ಗ ಕೊಯ್ದು, ಅರೆಜೀವವಾಗಿದ್ದವನನ್ನು ಗೇಟಿನ ಪಕ್ಕದ ಸಾಮಾನು ಕೋಣೆಗೆ ಎಳೆದುಕೊಂಡು ಹೋದೆವು. ಬಾಗಿಲಿಗೆ ನಾನೇ ಅಡ್ಡ ನಿಂತೆ. ಮಧ್ಯಾಹ್ನ ತುಂಬಾ ದೂರ ಇದೆ ಅನ್ನಿಸಿತು.

ಈ ದ್ವೀಪ ಮೊದಲು ದ್ವೀಪವೇ ಆಗಿರಲಿಲ್ಲ. ಹೊಳೆ ಇಲ್ಲಿ ಮೊಣಕೈಯಂತೆ ಬಾಗುತ್ತದೆ. ಆ ಬಾಗಿನಲ್ಲಿ ಬಂಡೆಗಳಿದ್ದವು, ಸರಕಿನ ದೋಣಿಗಳು ಒಡೆದು ಹೋಗುತ್ತಿದ್ದವು. ಯಾವುದೋ ಕಾಲದ ಸರ್ಕಾರ ಬಾಗನ್ನು ತಪ್ಪಿಸಲು ನೆಟ್ಟಗೆ ಒಂದು ಕಾಲುವೆ ಕಡಿಸಿತು. ಒಂದೇ ಊರು ಎರಡು ತುಂಡಾಯಿತು. ಒಂದು ಮನೆಯ ಬಾವಿ ಆಚೆ ದಡದಲ್ಲಿ ಉಳಿದು, ಆ ಮನೆಯ ಹೆಂಗಸರು ಮೂರು ತಲೆಮಾರು ನೀರಿಗೆ ದೋಣಿಯಲ್ಲಿ ಹೋದರಂತೆ. ಹೊಳೆಗೂ ಕಾಲುವೆಗೂ ನಡುವೆ ಸಿಕ್ಕಿಬಿದ್ದವರು ಮೊದಲು ಶಾಪ ಹಾಕಿದರು, ಆಮೇಲೆ ಅದನ್ನೇ ಹೆಮ್ಮೆ ಮಾಡಿಕೊಂಡರು. ತಾವು ದ್ವೀಪದವರು, ಉಳಿದವರು ಆಚೆ ದಡದವರು.

ಕಾಲುವೆ ಹೊಳೆಗೆ ಕೂಡುವ ಕಡೆ ಕಲ್ಲಿನ ತೊಟ್ಟಿ. ಅದಕ್ಕೆ ಕಾಲುವೆಯ ಕಡೆ ಒಂದು ಗೇಟು, ಹೊಳೆಯ ಕಡೆ ಇನ್ನೊಂದು. ದೋಣಿಗಳು ಈ ತೊಟ್ಟಿಯ ಮೂಲಕ ಹಾದು ಹೋಗಬೇಕು. ಪ್ರತಿ ಗೇಟಿಗೂ ಎರಡು ಕದ, ಪ್ರತಿ ಕದಕ್ಕೂ ತಲೆಯ ಮೇಲೆ ಒಂದು ಉದ್ದನೆಯ ಮರದ ತೊಲೆ. ಒಂದು ತೊಲೆ ದ್ವೀಪದ ಕಡೆಯ ಅಂಚಿನಲ್ಲಿ, ಇನ್ನೊಂದು ಆಚೆ ದಡದ ಅಂಚಿನಲ್ಲಿ. ತೊಲೆಯನ್ನು ನೀರಿನಂಚಿನಿಂದ ದಡದ ಕಡೆಗೆ ತಳ್ಳಿದರೆ ಕದ ಮುಚ್ಚುತ್ತದೆ. ಮುಚ್ಚಿದ ಗೇಟಿನ ಮೇಲೆ ಹಲಗೆಯ ಕಾಲುದಾರಿ ಇದೆ. ಅದರ ಮೇಲೆ ದಾಟಬಹುದು, ನನ್ನಂಥ ಮಂಡಿಯವರು ದೇವರನ್ನು ನೆನೆಯುತ್ತಾ ದಾಟಬಹುದು.

ಈಗ ಒಂದೆರಡು ಮರಳಿನ ದೋಣಿ ಬಿಟ್ಟರೆ ಸರಕೆಲ್ಲ ಲಾರಿಗೆ ಹೋಗಿದೆ. ಕಾಲುವೆಯನ್ನು ಮಣ್ಣು ತುಂಬಿ ಮುಚ್ಚಬೇಕೆಂದು ಆದೇಶವಾಗಿತ್ತು, ಅದಕ್ಕಾಗಿ ಅಂದೇ ಊರಿನ ಸಭೆ ಕರೆದಿದ್ದರು. ದ್ವೀಪ ಮತ್ತೆ ದಡವಾಗುವುದಿತ್ತು. ಕೋಣೆಯಲ್ಲಿ ನರಳುತ್ತಿದ್ದವನು ಆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ. ಆಚೆ ದಡದ ಶೆಡ್ಡಿನಲ್ಲಿ ಮಲಗುತ್ತಿದ್ದ. ಊರಿಗೆ ಅವನ ಮೇಲೆ ಮೊದಲೇ ಹಲ್ಲು ಮಸೆತ. ಈಗ ಅವನ ಅಂಗಿಯ ಮೇಲೆ ರಕ್ತ, ಕೆನ್ನೆಯ ಮೇಲೆ ಡಾಂಬರು. ದೊಡ್ಡಯ್ಯ ಹಿಂದಿನ ಸಂಜೆ ಹೊಳೆಗೇಟಿನ ತೊಲೆಗಳಿಗೆ ಡಾಂಬರು ಬಳಿದಿದ್ದ. ಜನರಿಗೆ ಇನ್ನೇನು ಬೇಕು?

"ನಿನ್ನೆ ಏನಾಯ್ತು?" ಮೇಡಂ ಕೇಳಿದರು.

ಮೇಸ್ತ್ರಿ ಒಡೆದ ತುಟಿಯಲ್ಲಿ ಕಷ್ಟಪಟ್ಟು ಹೇಳಿದ. ಅವನ ಆಳುಗಳ ಕೈಗಾಡಿ ಹೊಸ ಡಾಂಬರಿನ ತೊಲೆಗೆ ಉಜ್ಜಿತ್ತು. ಮುದುಕ ಬೈದ. ಇವನೂ ಬೈದ. ಮುದುಕ ಕೈಲಿದ್ದ ಡಾಂಬರಿನ ಬ್ರಷ್ಷಿನಿಂದಲೇ ಕೆನ್ನೆಗೆ ಬಾರಿಸಿದ, ಮೂಗಿನಿಂದ ರಕ್ತ ಬಂತು. ಅಂಗಿಯ ಮೇಲಿನದು ತನ್ನದೇ ಮೂಗಿನ ರಕ್ತ.

"ನೀನು ಹೊಡೀಲಿಲ್ವಾ?"

"ಕೈ ಎತ್ತಿದ್ದೆ, ಸುಳ್ಳು ಹೇಳಲ್ಲ. ಅಷ್ಟರಲ್ಲಿ ಮುದುಕ ಅತ್ತುಬಿಟ್ಟ ಮೇಡಂ. 'ಹೋಗಪ್ಪಾ, ನಾಳೆ ಸಭೆಗೆ ಬಾ, ನೀನು ಮುಚ್ಚೋಕೆ ಮುಂಚೆ ನಾನೊಂದು ತೆರೀಬೇಕು' ಅಂದ. ನನಗೆ ಏನೂ ಅರ್ಥ ಆಗ್ಲಿಲ್ಲ. ಮೂಗು ಹಿಡ್ಕೊಂಡು ಶೆಡ್ಡಿಗೆ ಹೋದೆ."

"ಆಗ ಹೊಳೆಗೇಟು ತೆರೆದಿತ್ತಾ, ಮುಚ್ಚಿತ್ತಾ?"

ಮೇಸ್ತ್ರಿ ಅವರ ಮುಖ ನೋಡಿದ. "ತೆರೆದಿತ್ತು. ಮರಳಿನ ದೋಣಿ ಆಗಷ್ಟೇ ಹೊಳೆಗೆ ಇಳಿದಿತ್ತು."

ಮೇಡಂ ತಲೆಯಾಡಿಸಿ ಹೊರಗೆ ಹೋದರು. ಒಬ್ಬ ಮನುಷ್ಯ ಸಾಯುವ ಸ್ಥಿತಿಯಲ್ಲಿರುವಾಗ ಗೇಟಿನ ವಿಚಾರ ಕೇಳುತ್ತಾರಲ್ಲ ಎಂದು ನನಗೆ ಕಸಿವಿಸಿಯಾಯಿತು. ನನ್ನ ಹಣೆಯನ್ನೂ ಅವರು ಒಮ್ಮೆಯೂ ನೋಡಿರಲಿಲ್ಲ.

ಡಾಕ್ಟರು ಬಂದರು. ಹೆಣವನ್ನು ಮೇಲೆತ್ತಿ ಎದೆ ಒತ್ತಿದರು. ಬಾಯಿಂದಲೂ ಮೂಗಿಂದಲೂ ನೊರೆ ಉಕ್ಕಿತು. ತಲೆಯ ಏಟಿನಿಂದ ಸತ್ತದ್ದಲ್ಲ, ನೀರಿಗೆ ಬಿದ್ದಾಗ ಇನ್ನೂ ಉಸಿರಾಡುತ್ತಿದ್ದ ಎಂದರು. ಕೈ ಬೆರಳುಗಳನ್ನು ತೋರಿಸಿದರು. ಉಗುರುಗಳು ಕಿತ್ತುಹೋಗಿದ್ದವು, ಸಂದಿಯಲ್ಲಿ ಕಲ್ಲಿನ ಪಾಚಿ. ಗೋಡೆ ಹತ್ತಲು ನೋಡಿದ್ದ. ಅದನ್ನು ನೋಡಿದ ಮೇಲೆ ನನಗೆ ಹಣೆಯ ನೋವು ಮರೆತೇ ಹೋಯಿತು.

ಏಟು ಬಿದ್ದದ್ದು ಆಚೆ ದಡದ ತೊಲೆಯ ಹತ್ತಿರ. ಅಲ್ಲಿ ಕಲ್ಲುಹಾಸಿನ ಮೇಲೆ ರಕ್ತ ಎರಚಿತ್ತು. ಪಕ್ಕದಲ್ಲೇ ಗೇಟಿನ ತೂಬು ತಿರುಗಿಸುವ ಕಬ್ಬಿಣದ ಹಿಡಿಕೆ, ತುದಿಗೆ ಬಿಳಿ ಕೂದಲು ಅಂಟಿಕೊಂಡಿತ್ತು. ಆ ತೊಲೆಯ ಡಾಂಬರಿನ ಮೇಲೆ ಒಂದು ಅಗಲವಾದ ಗುರುತು. ಬಟ್ಟೆ ಒತ್ತಿ ಉಜ್ಜಿದ್ದು, ಅದರ ಎರಡೂ ಬದಿ ಕೈ ಒರೆಸಿದ ದಟ್ಟ ರಕ್ತ. ಮೇಡಂ ಕಾಲುದಾರಿಯಲ್ಲಿ ದಾಟಿ ದ್ವೀಪದ ಕಡೆಯ ತೊಲೆ ನೋಡಿದರು. ನಾನೂ ಹಿಂದೆ ಹೋದೆ. ಅಲ್ಲಿ ಬಟ್ಟೆಯ ಗುರುತಿರಲಿಲ್ಲ. ಎರಡು ಅಂಗೈಗಳು ಡಾಂಬರಿನಲ್ಲಿ ಅಚ್ಚೊತ್ತಿದ್ದವು. ರಕ್ತ ತೆಳ್ಳಗೆ, ಅಲ್ಲಲ್ಲಿ ಮಾತ್ರ. ಬಲಗೈ ಅಚ್ಚಿನಲ್ಲಿ ಕಿರುಬೆರಳಿನ ತುದಿ ಮಾತ್ರ ಬಿದ್ದಿತ್ತು. ದೋಣಿಗೆ ಡಾಂಬರು ಬಳಿಯುವ ಈ ಊರಲ್ಲಿ ಅಂಗೈ ಕಪ್ಪಾಗದವರೇ ಇರಲಿಲ್ಲ.

"ಹೆಡ್ಡೂ, ಈ ಊರಲ್ಲಿ ಗೇಟು ಹೇಗೆ ಹಾಕ್ತಾರೆ ಅಂತ ಯಾರನ್ನಾದ್ರೂ ಕೇಳಿ" ಎಂದರು.

ನಾನು ದೊಡ್ಡಯ್ಯನ ಮಗಳನ್ನೇ ಕರೆತಂದೆ. ಹೊಲಿಗೆ ಕೆಲಸದ ಹೆಂಗಸು, ಕುಪ್ಪಸದ ಅಂಚಿಗೆ ಸೂಜಿ ಚುಚ್ಚಿಕೊಂಡೇ ಬಂದಿದ್ದಳು.

"ತೊಲೆಗೆ ಬೆನ್ನು ಕೊಟ್ಟು ತಳ್ಳಬೇಕು" ಎಂದಳು. "ಮುಖ ನೀರಿನ ಕಡೆಗೇ ಇರಬೇಕು. ನಮಗೆಲ್ಲ ನಡಿಯೋಕೆ ಬರೋಕೆ ಮುಂಚೆ ಇದನ್ನ ಕಲಿಸ್ತಾರೆ. ಹಿಂದೆ ಯಾರೋ ಕೈಯಲ್ಲಿ ತಳ್ಳುವಾಗ ಬೆನ್ನ ಹಿಂದೆ ಮಗು ನೀರಿಗೆ ಬಿತ್ತಂತೆ. ಕಾಣಲೇ ಇಲ್ಲವಂತೆ."

"ಹಾಕೋದು ಮರೆತ್ರೆ?"

ಅವಳು ಬೆಚ್ಚಿದಳು. ಮಲಗುವ ಮುಂಚೆ ಒಲೆ ಆರಿಸುವುದನ್ನು ಮರೆತರೂ ಇದನ್ನು ಮರೆಯುವವರು ಇಲ್ಲಿ ಇಲ್ಲ ಎಂದಳು. ಆಮೇಲೆ ಪ್ರವಾಹದ ಕಥೆ ಹೇಳಿದಳು. ಅವಳು ಹುಟ್ಟುವ ಮುಂಚಿನ ಮಾತು. ಹೊಳೆಗೇಟು ತೆರೆದೇ ಉಳಿದಿತ್ತು, ಹೊಳೆ ಏರಿತು, ಕಾಲುವೆ ಕಡೆಯ ಒಳಗೇಟು ಒಂದೇ ತಡೆಯಲಾರದೆ ಸಿಡಿಯಿತು. ಕಾಲುವೆಯಲ್ಲಿ ನುಗ್ಗಿದ ನೀರು ದ್ವೀಪವನ್ನು ಹಿಂದಿನಿಂದ ಬಂದು ನುಂಗಿತು. ಸತ್ತವರಲ್ಲಿ ದೊಡ್ಡಯ್ಯನ ತಾಯಿಯೂ ಒಬ್ಬಳು. ಗೇಟು ಕಾಯುತ್ತಿದ್ದವನು ಆಚೆ ದಡದವನು. ಊರಿನವರು ಅವನನ್ನು ಹಿಡಿದು, ಇದೇ ಕಲ್ಲುಗೂಟಕ್ಕೆ ಕಟ್ಟಿ, ಹುಟ್ಟಿನಿಂದ ಬಡಿದು ಕೊಂದರು. ಆ ಕೆಲಸ ಆಮೇಲೆ ದೊಡ್ಡಯ್ಯನಿಗೆ ಬಂತು.

ಇದನ್ನು ಅವಳು ಪಾಠ ಒಪ್ಪಿಸುವಂತೆ ಹೇಳಿದಳು. ಆ ಊರಿನ ಮಕ್ಕಳೆಲ್ಲ ಹಾಗೇ ಹೇಳುತ್ತಾರೆ ಎಂದು ಆಮೇಲೆ ತಿಳಿಯಿತು.

"ಕೊಂದರಲ್ಲ, ಆ ಗೇಟು ಕಾಯುವವನ ಹೆಂಡತಿ ಏನಾದಳು?" ಮೇಡಂ ಕೇಳಿದರು.

"ಆಚೆ ದಡದಲ್ಲೇ ಇದ್ದರು, ಈಚೆಗೆ ತೀರಿಕೊಂಡರು. ಅಪ್ಪ ಅವರಿಗೆ ಸೌದೆ ಒಡೆದು ಕೊಟ್ಟು ಬರ್ತಿದ್ದರು. ಯಾಕಪ್ಪಾ ಅಂತ ಕೇಳಿದ್ರೆ ಕೊಡಲಿ ತಗೊಂಡು ಹೊರಟುಬಿಡ್ತಿದ್ದರು."

"ನಿನ್ನೆ ನಿಮ್ಮಪ್ಪ ಏನಾದ್ರೂ ಹೇಳಿದ್ರಾ?"

"ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದ್ರು. ಕಾಲುವೆ ಮುಚ್ಚಿದ ಮೇಲೆ ಪ್ರವಾಹದ ಕಥೆ ಕೇಳೋರು ಯಾರು, ನಾಳೆ ಸಭೇಲಿ ಸರಿಯಾಗಿ ಹೇಳಿಬಿಡ್ತೀನಿ, ಇಷ್ಟು ದಿನ ತಪ್ಪಾಗಿ ಹೇಳಿದ್ವಿ ಅಂತ."

"ಊಟಕ್ಕೆ ಯಾರ್ಯಾರು ಇದ್ರು?"

"ಮನೆಯವರೇ" ಎಂದಳು. ಮೇಡಂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅವಳ ಹೆಗಲ ಮೇಲೆ ಒಮ್ಮೆ ಕೈ ಇಟ್ಟು ತೆಗೆದರು.

ಬಿಸಿಲು ನೆತ್ತಿಗೆ ಬರುವ ಮುಂಚೆಯೇ ಜನರ ತಾಳ್ಮೆ ಮುಗಿಯಿತು. ಸಾಮಾನು ಕೋಣೆಯ ಕಿಟಕಿಗೆ ಕಲ್ಲು ಬಿತ್ತು. ಒಬ್ಬ ಸೀಮೆಎಣ್ಣೆ ಡಬ್ಬ ತಂದಿದ್ದ. ನನ್ನ ಜೊತೆಗಿದ್ದ ಪೇದೆ ಲಾಠಿ ಬೀಸಿದ, ಯಾರದೋ ಮೊಣಕೈ ಮುರಿದ ಸದ್ದು ಕೇಳಿಸಿತು. ಪೇದೆಯನ್ನೂ ನೆಲಕ್ಕೆ ಕೆಡವಿ ತುಳಿದರು. ಒಳಗೆ ಮೇಸ್ತ್ರಿ ತನ್ನ ತಾಯಿಯನ್ನು ಕೂಗಿ ಅಳುತ್ತಿದ್ದ. ಇನ್ನೊಂದು ಗಳಿಗೆ ಕಳೆದಿದ್ದರೆ ನಾವು ಮೂವರೂ ಸುಟ್ಟು ಕರಿಕಲಾಗುತ್ತಿದ್ದೆವು.

"ದೋಣಿಯಪ್ಪಾ" ಎಂದು ಮೇಡಂ ತೊಟ್ಟಿಯ ಅಂಚಿನಿಂದ ಕರೆದರು. "ಅವನು ಹೇಗೆ ಮಾಡಿದ ಅಂತ ತೋರಿಸ್ತೀನಿ. ಎಲ್ಲರೂ ಬಂದು ನೋಡಿ. ಆಮೇಲೆ ನಿಮ್ಮಿಷ್ಟ."

ಜನ ತಿರುಗಿದರು. ಸಾವನ್ನು ತೋರಿಸುತ್ತೇನೆಂದರೆ ಯಾರು ಬರುವುದಿಲ್ಲ?

ಮೇಡಂ ಹೊಳೆಗೇಟಿನ ಎರಡೂ ಕದ ತೆರೆಸಿದರು. ಒಂದು ಹಲಗೆಯ ತುಂಡನ್ನು ತೊಟ್ಟಿಗೆ ಎಸೆದರು. ಅದು ಒಂದು ಸುತ್ತು ಸುತ್ತಿ, ಹೊಳೆಯ ಸೆಳೆತಕ್ಕೆ ಸಿಕ್ಕಿ, ಗೇಟಿನ ಬಾಯಿಂದ ಹೊರಗೆ ಜಾರಿ ನಡುಹೊಳೆಗೆ ಹೋಯಿತು.

"ಈಗ ಗೇಟು ಹಾಕಬೇಕು. ನನಗೆ ಬರಲ್ಲ. ಆಚೆ ದಡದಿಂದ ಶುರು ಮಾಡಿ, ನೀವೇ ಹಾಕಿ ತೋರಿಸಿ ದೋಣಿಯಪ್ಪಾ."

ಅವನು ಹುಟ್ಟನ್ನು ಒಬ್ಬನ ಕೈಗೆ ಕೊಟ್ಟು ಒಳಗೇಟಿನ ಕಾಲುದಾರಿಯಲ್ಲಿ ದಾಟಿದ. ಎರಡೂ ತೊಲೆಗಳ ಮೇಲೆ ಮೇಡಂ ಗೋಣಿಚೀಲ ಹೊದಿಸಿ ಗುರುತು ಮುಚ್ಚಿಟ್ಟಿದ್ದರು. ಅವನು ಬೆನ್ನು ಕೊಟ್ಟ. ಕಾಲು ಊರಿದ. ಮುಖ ನೀರಿನ ಕಡೆಗೆ. ತೊಲೆ ಕಿರುಗುಟ್ಟುತ್ತಾ ಸರಿಯಿತು. ಕದ ಮುಚ್ಚಿತು. ಹುಟ್ಟಿದಾಗಿನಿಂದ ಮಾಡಿದ ಕೆಲಸ, ಅವನ ಮೈಯೇ ಮಾಡಿತು.

ಅವನು ದಾಟಿ ದ್ವೀಪದ ಕಡೆಗೆ ಬರುವಾಗ ಮೇಡಂ ತಮ್ಮ ಸೆರಗಿನ ಮರೆಯಿಂದ ಏನನ್ನೋ ತೆಗೆದು ಮೆಲ್ಲನೆ ತೊಟ್ಟಿಗೆ ಬಿಟ್ಟರು. ಅವತ್ತು ಅವರು ಸಮವಸ್ತ್ರದಲ್ಲಿರಲಿಲ್ಲ, ಸೀರೆಯಲ್ಲೇ ಓಡಿ ಬಂದಿದ್ದರು. ಬಿಟ್ಟದ್ದು ಕಲ್ಲುಹಾಸಿನ ಮೇಲೆ ಸಿಕ್ಕಿದ್ದ ದೊಡ್ಡಯ್ಯನ ಬಿಳಿ ಟೋಪಿ. ಅರ್ಧ ಗೇಟು ಮುಚ್ಚಿದ್ದರಿಂದ ಅದು ಹೊರಗೆ ಹೋಗಲಿಲ್ಲ. ನೀರಿನ ನಡುವೆ ಮೇಲೆ ಕೆಳಗೆ ಆಗುತ್ತಾ ಒಂದೇ ಕಡೆ ತಿರುಗುತ್ತಿತ್ತು.

ದೋಣಿಯಪ್ಪ ಎರಡನೇ ತೊಲೆಗೆ ಬೆನ್ನು ಕೊಟ್ಟ. ನೀರನ್ನು ನೋಡಿದ. ಟೋಪಿಯನ್ನು ನೋಡಿದ. ಒಂದು ಹೆಜ್ಜೆ ತಳ್ಳಿದ. ಆಮೇಲೆ ತಿರುಗಿದ. ನೀರಿಗೆ ಬೆನ್ನು ಹಾಕಿ, ಎದೆ ಕೊಟ್ಟು, ಎರಡೂ ಅಂಗೈಗಳನ್ನು ತೊಲೆಗೆ ಒತ್ತಿದ.

ಗುಂಪಿನಿಂದ ಒಬ್ಬ ಮುದುಕಿ, "ಲೋ, ನೀರಿಗೆ ಬೆನ್ನು ಹಾಕ್ತಾರೇನೋ?" ಎಂದಳು. ಗದರಿಸುವ ಅಭ್ಯಾಸಬಲದಿಂದ ಬಂದ ಮಾತು. ಹೇಳಿದ ಮೇಲೆ ಅವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಅಲ್ಲೇ ನಿಲ್ಲಿ. ಕೈ ತೆಗೀಬೇಡಿ" ಎಂದರು ಮೇಡಂ. ಪಕ್ಕದ ಗೋಣಿಚೀಲ ಎಳೆದರು. ಡಾಂಬರಿನಲ್ಲಿದ್ದ ಅಂಗೈಗಳು ಅವನ ಕೈಗಳ ಪಕ್ಕದಲ್ಲೇ ಇದ್ದವು. ಹಗ್ಗಕ್ಕೆ ಸಿಕ್ಕಿ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಅವನ ಬಲಗೈ ಕಿರುಬೆರಳು ಈಗಲೂ ತುದಿಯಷ್ಟೇ ಮರಕ್ಕೆ ತಾಗಿತ್ತು.

ನಾನು ಅವನ ಎರಡೂ ತೋಳು ಹಿಡಿದೆ. ಅವನು ಕೊಸರಲಿಲ್ಲ.

ಮೇಡಂ ಜನರ ಕಡೆ ತಿರುಗಿದರು. "ನೀವೆಲ್ಲ ಹೆಣ ನೋಡಿದ್ರಿ, ಹೆಣ ಅಲ್ಲೇ ಯಾಕೆ ಇತ್ತು ಅಂತ ಯಾರೂ ಯೋಚನೆ ಮಾಡ್ಲಿಲ್ಲ. ಸಂಜೆ ಹೊಳೆಗೇಟು ತೆರೆದಿತ್ತು. ಹಾಗೇ ಬಿಟ್ಟಿದ್ರೆ ಆ ಹಲಗೆ ಹೋದ ಹಾಗೆ ದೊಡ್ಡಯ್ಯನೂ ಹೋಗ್ತಿದ್ರು. ಕಾಲು ಜಾರಿ ಬಿದ್ದ ಮುದುಕ ಅಂತ ಅತ್ತು ಸುಮ್ಮನಾಗ್ತಿದ್ರಿ. ಕೊಂದವನು ಗೇಟು ಹಾಕಿ ಹೋದ. ಹೊರಗಿನ ಮೇಸ್ತ್ರಿಗೆ ಆ ಯೋಚನೆ ಬರುತ್ತಾ? ಮೈಮೇಲೆ ರಕ್ತ ಇದ್ರೂ ಗೇಟು ಹಾಕದೆ ಮನೆಗೆ ಹೋಗೋಕೆ ಆಗದವರು ಈ ದ್ವೀಪದವರು ಮಾತ್ರ."

ಗುಂಪಿನಲ್ಲಿ ಹುಟ್ಟುಗಳು ಒಂದೊಂದಾಗಿ ಕೆಳಗಿಳಿದವು.

"ರಕ್ತ ಆಚೆ ದಡದ ತೊಲೆಗೆ ಹೆಚ್ಚು, ಈ ಕಡೆಯದಕ್ಕೆ ಕಡಿಮೆ. ಅಂದ್ರೆ ಆ ಕಡೆ ಮೊದಲು, ಈ ಕಡೆ ಆಮೇಲೆ. ಮೇಸ್ತ್ರಿ ಮಲಗೋದು ಆಚೆ ದಡದಲ್ಲಿ. ಕೆಲಸ ಮುಗಿಸಿ ದ್ವೀಪಕ್ಕೆ ಯಾಕೆ ಬರ್ತಾನೆ? ಮೊದಲನೇ ತೊಲೆಗೆ ಬೆನ್ನಿನ ಗುರುತು. ನೀರು ನೋಡ್ತಾ ತಳ್ಳಿದ್ದ. ಎರಡನೇದಕ್ಕೆ ಅಂಗೈ ಗುರುತು. ನೀರಿಗೆ ಬೆನ್ನು ಹಾಕಿದ್ದ. ನಡುವೆ ಏನೋ ಕಂಡಿತು." ಅವರು ಅವನ ಕಡೆ ತಿರುಗಿದರು. "ಏನು ಕಂಡಿರಿ?"

ದೋಣಿಯಪ್ಪ ನೆಲ ನೋಡುತ್ತಾ ಹೇಳಿದ. "ಅಣ್ಣನ ಕೈ. ಸತ್ತೇ ಹೋದ ಅಂದ್ಕೊಂಡಿದ್ದೆ. ಕೈ ಮೇಲೆ ಬಂತು. ಗೋಡೆ ಕೆರೀತಿತ್ತು."

"ಎಳೀಬಹುದಿತ್ತು."

"ಎಳೀಬಹುದಿತ್ತು" ಎಂದ. "ಎಳೆದ್ರೆ ಬೆಳಿಗ್ಗೆ ಎಲ್ಲರ ಮುಂದೆ ಹೇಳ್ತಿದ್ದ."

ಮಗಳು ಮುಂದೆ ಬಂದಳು. "ಏನು ಹೇಳ್ತಿದ್ರು ಚಿಕ್ಕಪ್ಪಾ?"

ದೋಣಿಯಪ್ಪ ಅವಳಿಗೆ ಎಲ್ಲವನ್ನೂ ಹೇಳಿದ. ಪ್ರವಾಹದ ದಿನ ಗೇಟು ಕಾಯುವವನಿಗೆ ಜ್ವರವಿತ್ತು. ಆಗಿನ್ನೂ ಮೀಸೆ ಮೂಡದಿದ್ದ ಇವನು ಅವನಿಗೆ ಸಹಾಯಕ್ಕಿದ್ದ. ಹೊಳೆಗೇಟು ಹಾಕಿ ಬಾ ಎಂದು ಅವನು ಹೇಳಿ ಕಳಿಸಿದ್ದ. ಇವನು ಈಜಲು ಹೋಗಿ ಮರೆತ. ತಾಯಿ ಸತ್ತಳು, ಊರೆಲ್ಲ ಹೆಣಗಳಾದವು. ಅಣ್ಣನಿಗೆ ಮಾತ್ರ ನಿಜ ಹೇಳಿದ್ದ. ಅಣ್ಣ ಇವನ ಬಾಯಿ ಮುಚ್ಚಿಸಿದ. ಗೂಟಕ್ಕೆ ಕಟ್ಟಿದವನು ತಾನಲ್ಲ ತಾನಲ್ಲ ಎಂದು ಕಿರುಚಿ ಸಾಯುವಾಗ ಅಣ್ಣತಮ್ಮ ಇಬ್ಬರೂ ಗುಂಪಿನಲ್ಲೇ ನಿಂತಿದ್ದರು.

"ನಾಳೆ ಹೇಳಬೇಡ ಅಂತ ಕಾಲು ಹಿಡಿದೆ. 'ಕಾಲುವೆ ಜೊತೆ ಇದನ್ನೂ ಮುಚ್ಚಿಬಿಟ್ರೆ ಅವನು ಮತ್ತೊಂದು ಸಲ ಸಾಯ್ತಾನೆ ಕಣೋ' ಅಂದ. ಹಿಡಿಕೆ ಕೈಗೆ ಸಿಕ್ತು."

ಯಾರೋ ಹಿಂದಿನಿಂದ ಹೊಡಿ ಎಂದ. ಬೆಳಿಗ್ಗೆ ಮೇಸ್ತ್ರಿಯನ್ನು ಹೊಡಿ ಎಂದ ಅದೇ ಧ್ವನಿ. ಜನ ಮತ್ತೆ ಒತ್ತಿಕೊಂಡು ಬಂದರು, ಹುಟ್ಟುಗಳು ಮತ್ತೆ ಎದ್ದವು. ನನಗೆ ಆ ಊರಿನ ಮೇಲೆ ಅಂದು ಬಂದಷ್ಟು ಅಸಹ್ಯ ಇಡೀ ನೌಕರಿಯಲ್ಲಿ ಬಂದಿಲ್ಲ. ಆಗ ಮಗಳು ಹೋಗಿ ಕಲ್ಲುಗೂಟಕ್ಕೆ ಬೆನ್ನು ಕೊಟ್ಟು, ಅವರಿಗೆ ಎದುರಾಗಿ ನಿಂತಳು. "ಇದಕ್ಕೆ ಇನ್ನೊಬ್ಬರನ್ನ ಕಟ್ಟೋದಾದ್ರೆ ನನ್ನನ್ನ ಮೊದಲು ಕಟ್ಟಿ" ಎಂದಳು. ಅವಳ ಧ್ವನಿ ಪೂರ್ತಿ ಒಡೆದುಹೋಗಿತ್ತು. ಆದರೂ ಎಲ್ಲರಿಗೂ ಕೇಳಿಸಿತು. ಸೀಮೆಎಣ್ಣೆ ಡಬ್ಬ ತಂದವನು ಅದನ್ನು ಕಾಲ ಹಿಂದೆ ಸರಿಸಿಕೊಂಡ.

ಮೇಸ್ತ್ರಿಯನ್ನು ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಮೊದಲು ದಾಟಿಸಿದೆವು. ಹೊತ್ತವರು ಅವನನ್ನು ಬಡಿದಿದ್ದ ಜನರೇ. ಅವನು ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ನಾನು ದೋಣಿಯಪ್ಪನನ್ನು ಕರೆದುಕೊಂಡು ಒಳಗೇಟಿನ ಮೇಲೆ ದಾಟಿ ಆಚೆ ದಡದ ಜೀಪಿನ ಹತ್ತಿರ ಹೋದೆ. ಜೀಪಿಗೆ ಹತ್ತಿಸುವಾಗ ಥಟ್ಟನೆ ನಿಂತು ಹಿಂದಕ್ಕೆ ತಿರುಗಿದ. ಕೈಯಲ್ಲಿ ಬೇಡಿ ಇದ್ದದ್ದರಿಂದ ಗಲ್ಲದಿಂದ ತೋರಿಸಿದ.

ಎರಡನೇ ಕದ ಅವನು ಬಿಟ್ಟಲ್ಲೇ ಇತ್ತು, ಅರ್ಧ ತೆರೆದು. ಟೋಪಿ ಆಗಲೇ ಹೊಳೆಗೆ ಹೋಗಿತ್ತು.

"ಗೇಟು ಹಾಕಿಲ್ಲ" ಎಂದ. ಅವನ ಮುಖದಲ್ಲಿ ನಾನು ಬೆಳಿಗ್ಗೆಯಿಂದ ಕಾಣದ ನಿಜವಾದ ಹೆದರಿಕೆ ಇತ್ತು. "ಯಾರಿಗಾದ್ರೂ ಹೇಳಿ ಸಾರ್. ಹೊಳೆ ಏರಿದ್ರೆ?"

ನಾನು ಕೂಗಬೇಕಾಗಿ ಬರಲಿಲ್ಲ. ದ್ವೀಪದ ಕಡೆ ಮಗಳು ತೊಲೆಯ ಹತ್ತಿರ ಬಂದಿದ್ದಳು. ಗೋಣಿಚೀಲವನ್ನು ಪಕ್ಕಕ್ಕೆ ಹಾಕಿದಳು. ಚಿಕ್ಕಪ್ಪನ ಅಂಗೈ ಗುರುತುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿರುಗಿ, ಅವುಗಳಿಂದ ಒಂದು ಮೊಳ ದೂರದಲ್ಲಿ ತೊಲೆಗೆ ಬೆನ್ನು ಕೊಟ್ಟು, ಅಪ್ಪ ಸತ್ತ ನೀರನ್ನೇ ನೋಡುತ್ತಾ ಗೇಟು ಹಾಕಿದಳು.